ಚೆನ್ನಮ್ಮನ ಕೈಗೆ ಖಡ್ಗ ಕೊಟ್ಟೆವು, ಕಾಗದ ಕಸಿದುಕೊಂಡೆವು

ಹೋದ ಜನವರಿಯಲ್ಲಿ ಹಂಸಭಾವಿಗೆ, ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಏಳನೇ ಕ್ಲಾಸು. ಶಾಲೆಯಲ್ಲಿ ಗ್ಯಾದರಿಂಗ್ ಹತ್ತಿರ ಬಂದಿತ್ತು, ಇವಳಿಗೆ ಕಿತ್ತೂರು ಚೆನ್ನಮ್ಮನ ಪಾರ್ಟು. ನಮ್ಮ ಕಡೆ ಇದೇನೂ ಹೊಸದಲ್ಲ. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಯಾವ ಶಾಲೆಯ ಗ್ಯಾದರಿಂಗ್‌ಗೆ ಹೋದರೂ ಒಬ್ಬ ಚೆನ್ನಮ್ಮ ಇದ್ದೇ ಇರುತ್ತಾಳೆ. ಕಚ್ಚೆ ಹಾಕಿದ ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ರಟ್ಟಿನ ಖಡ್ಗಕ್ಕೆ ಅಂಟಿಸಿದ ಬೆಳ್ಳಿ ಬಣ್ಣದ ಕಾಗದ. ಎದುರಿಗೆ ಪ್ಯಾಂಟು ಟೊಪ್ಪಿಗೆ ಹಾಕಿದ ಒಬ್ಬ ಬಡಪಾಯಿ ಥ್ಯಾಕರೆ. ಎರಡು ನಿಮಿಷ ಡೈಲಾಗು, ಆಮೇಲೆ ಚಪ್ಪಾಳೆ.

ಮಾಮಾ ಪೇಪರಿನಲ್ಲಿ ಬರೀತಾನೆ ಅನ್ನೋ ಕಾರಣಕ್ಕೆ ಸ್ಕ್ರಿಪ್ಟಿನ ಕೆಲಸ ನನಗೆ ಬಂತು. (ಅವಳ ಲೆಕ್ಕದಲ್ಲಿ ಮೊಬೈಲಿನಲ್ಲಿ ಬರೋದೆಲ್ಲಾ ಪೇಪರೇ.) ತಯಾರಿ ಅಂತ ಆ ರಾತ್ರಿ ಮನೆಮಂದಿಯೆಲ್ಲ ಕೂತು 1961ರ ಕಿತ್ತೂರು ಚೆನ್ನಮ್ಮ ಸಿನಿಮಾ ನೋಡಿದೆವು. ಬಿ.ಆರ್. ಪಂತುಲು ನಿರ್ಮಿಸಿ ನಿರ್ದೇಶಿಸಿದ ಕಪ್ಪು ಬಿಳುಪು ಚಿತ್ರ. ಚೆನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜ್‌ಕುಮಾರ್. ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ಅಕ್ಕಮಹಾದೇವಿಯ ವಚನವೊಂದನ್ನು ಎಸ್. ಜಾನಕಿ ಹಾಡಿದ್ದಾರೆ. ಅದು ಬಂದಾಗ ಅಕ್ಕ ಒಲೆ ಸಣ್ಣಗೆ ಮಾಡಿ ಬಂದು ಬಾಗಿಲಲ್ಲಿ ನಿಂತಳು. ಆಮೇಲೆ ಕಪ್ಪ ಕೇಳುವ ಆ ಸೀನು. ಅದನ್ನು ನಾನಿಲ್ಲಿ ಹೇಳಬೇಕಾಗಿಲ್ಲ, ಕರ್ನಾಟಕದಲ್ಲಿ ಶಾಲೆಗೆ ಹೋದ ಪ್ರತಿಯೊಬ್ಬರಿಗೂ ಅದು ಬಾಯಿಪಾಠ. ನಮ್ಮ ಹುಡುಗಿ ಎದ್ದು ನಿಂತು ಸರೋಜಾದೇವಿಯ ಜತೆಗೇ ಹೇಳಿದಳು.

ಅಲ್ಲೇ ನನಗೆ ಒಂದು ವಿಷಯ ಕೊರೆಯಲು ಶುರುವಾಯಿತು. 1824ರಲ್ಲಿ ಕಿತ್ತೂರಿಗೂ ಕಂಪನಿಗೂ ನಡೆದ ಜಗಳದ ಮೂಲ ಕಪ್ಪವಲ್ಲ. ಕಪ್ಪವನ್ನು ಕಿತ್ತೂರು ಒಪ್ಪಿಕೊಂಡಿತ್ತು, ಪೇಶ್ವೆಗೆ ಕೊಟ್ಟಿತ್ತು, ಆಮೇಲೆ ಕಂಪನಿಗೂ ಕೊಡುತ್ತಿತ್ತು. ಜಗಳ ಹತ್ತಿದ್ದು ಒಂದು ದತ್ತಕದ ಪತ್ರದ ಮೇಲೆ, ಅದರ ಸಹಿಯ ಮೇಲೆ, ಖಜಾನೆಗೆ ಹಾಕಿದ ಮುದ್ರೆಯ ಮೇಲೆ. ನಾವು ಬಾಯಿಪಾಠ ಮಾಡಿದ ಆ ಡೈಲಾಗಿನ ವಂಶಾವಳಿಯೂ ಸ್ವಲ್ಪ ಬೇರೆ. ಇದೇ ಪಂತುಲು 1959ರಲ್ಲಿ ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರನ್ನು ಹಾಕಿ ವೀರಪಾಂಡಿಯ ಕಟ್ಟಬೊಮ್ಮನ್ ತೆಗೆದಿದ್ದರು. ಅಲ್ಲಿಯೂ ಬ್ರಿಟಿಷ್ ಅಧಿಕಾರಿಯೆದುರು ತೆರಿಗೆಯ ಪ್ರಶ್ನೆ ಎತ್ತಿ ಗುಡುಗುವ ದೃಶ್ಯ ಇದೆ, ಅದು ತಮಿಳುನಾಡಿನ ಮಕ್ಕಳಿಗೆ ಬಾಯಿಪಾಠ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅಣ್ಣತಂಗಿಯರಂತೆ ಕಾಣುತ್ತವೆ. ಪಂತುಲು ಮೇಲೆ ಇದು ದೂರಲ್ಲ. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷ, ಏಕೀಕರಣವಾಗಿ ಐದು ವರ್ಷ ಆಗಿದ್ದ ನಾಡಿಗೆ ಆ ಗುಡುಗು ಬೇಕಾಗಿತ್ತು. ನನ್ನ ತಕರಾರು ಅದರ ನಂತರದ್ದು. ಆ ಗುಡುಗಿನ ಸದ್ದಿನಲ್ಲಿ ನಿಜವಾದ ಹೆಂಗಸು ಮಾಡಿದ ಅರ್ಧ ಕೆಲಸ ನಮಗೆ ಕೇಳಿಸದೇ ಹೋಯಿತು.

ಶುರುವಿನಿಂದ ಹೇಳುತ್ತೇನೆ. ಚೆನ್ನಮ್ಮ ಹುಟ್ಟಿದ್ದು ಬೆಳಗಾವಿ ಪಕ್ಕದ ಕಾಕತಿಯಲ್ಲಿ, 1778ರಲ್ಲಿ. ತಂದೆ ಧೂಳಪ್ಪ ದೇಸಾಯಿ. ಹುಟ್ಟಿದ ದಿನ ಅಕ್ಟೋಬರ್ 23 ಅಂತ ಹೆಚ್ಚಿನ ಕಡೆ ಬರೆದಿರುತ್ತಾರೆ. ಥ್ಯಾಕರೆ ಬಿದ್ದದ್ದೂ ಅಕ್ಟೋಬರ್ 23ರಂದೇ. ಡೇಟಾ ಇಷ್ಟು ಚೆಂದ ಕೂತುಕೊಂಡರೆ ಇಂಜಿನಿಯರಿಂಗ್ ಓದಿದವನಿಗೆ ಅನುಮಾನ ಬರುತ್ತದೆ, ಆದರೆ ಅದನ್ನು ಬಿಡೋಣ. ಕುದುರೆ, ಬಿಲ್ಲು, ಕತ್ತಿ ಕಲಿತಿದ್ದಳು, ಕನ್ನಡದ ಜತೆ ಮರಾಠಿ, ಉರ್ದು ಬರುತ್ತಿದ್ದವು ಎನ್ನುತ್ತಾರೆ. ಕಿತ್ತೂರಿನ ದೇಸಾಯಿ ಮಲ್ಲಸರ್ಜನಿಗೆ ಎರಡನೇ ಹೆಂಡತಿಯಾಗಿ ಬಂದಳು. ಇಬ್ಬರೂ ಒಂದೇ ಹುಲಿಗೆ ಬಾಣ ಬಿಟ್ಟು ಭೇಟಿಯಾದ ಕತೆಯನ್ನು ಎಲ್ಲರೂ ಕೇಳಿರುತ್ತೀರಿ. ಕತೆ ಚೆನ್ನಾಗಿದೆ, ನಾನು ಅದಕ್ಕೆ ಕೈ ಹಾಕಲ್ಲ.

ಗಮನಿಸಬೇಕಾದದ್ದು ಕಿತ್ತೂರು ಕೂತಿದ್ದ ಜಾಗ. ಧಾರವಾಡ ಬೆಳಗಾವಿ ನಡುವಿನ ಸಣ್ಣ ಸಂಸ್ಥಾನ. ಒಂದು ಕಡೆ ಪುಣೆಯ ಪೇಶ್ವೆ, ಇನ್ನೊಂದು ಕಡೆ ಶ್ರೀರಂಗಪಟ್ಟಣದ ಟಿಪ್ಪು, ಆಮೇಲೆ ಕಂಪನಿ. ಇಂಥ ಕಡೆ ಇರುವವರಿಗೆ ಖಡ್ಗಕ್ಕಿಂತ ಮೊದಲು ಕಲಿಯಬೇಕಾದ ವಿದ್ಯೆ ಮಾತುಕತೆ. ಮಲ್ಲಸರ್ಜ ಟಿಪ್ಪುವಿನ ಸೆರೆ ಕಂಡು ತಪ್ಪಿಸಿಕೊಂಡು ಬಂದವನು. ಆಮೇಲೆ ಪೇಶ್ವೆ ಎರಡನೇ ಬಾಜಿರಾಯ ಅವನನ್ನು ಪುಣೆಯಲ್ಲಿ ಹಿಡಿದಿಟ್ಟ. ಕಾಯಿಲೆ ಬಿದ್ದ ಮೇಲೆ ಬಿಟ್ಟ, 1816ರಲ್ಲಿ ಮಲ್ಲಸರ್ಜ ಸತ್ತ. ಚೆನ್ನಮ್ಮನಿಗೆ ಆಗ ಮೂವತ್ತೆಂಟು. ಹಿರಿಯ ಹೆಂಡತಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದ. 1818ರಲ್ಲಿ ಪೇಶ್ವೆ ಮುಳುಗುವ ಹೊತ್ತಿಗೆ ಕಿತ್ತೂರು ಕಂಪನಿಯ ಕಡೆ ನಿಂತಿತು. ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ನೆರವು ಕೊಟ್ಟಿತು. ಅದಕ್ಕೆ ಬದಲಾಗಿ ಥಾಮಸ್ ಮನ್ರೋ ಸಂಸ್ಥಾನವನ್ನು ಅವರಿಗೇ ಉಳಿಸಿಕೊಟ್ಟ. ಕಪ್ಪದ ಷರತ್ತು ಆಗಲೇ ಬಂದದ್ದು. ಈ ಭಾಗವನ್ನು ಗ್ಯಾದರಿಂಗ್‌ನಲ್ಲಿ ಯಾರೂ ಆಡಲ್ಲ, ಪಾಠದ ಪುಸ್ತಕವೂ ಇದನ್ನು ಬೇಗ ದಾಟಿಬಿಡುತ್ತದೆ. ನನಗೆ ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಕಾಣಲ್ಲ. ಸಣ್ಣ ರಾಜ್ಯ ದೊಡ್ಡವರ ನಡುವೆ ಬದುಕುವುದು ಹೀಗೆಯೇ.

ಆರು ವರ್ಷ ಹಾಗೇ ನಡೆಯಿತು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ಮಾಸ್ತಮರಡಿ ಗೌಡರ ಮನೆಯ ಹುಡುಗನನ್ನು ದತ್ತಕ ತಗೊಂಡು ಶಿವಲಿಂಗಪ್ಪ ಅಂತ ಹೆಸರಿಟ್ಟಿದ್ದ ಎಂದು ಅರಮನೆ ಹೇಳಿತು. ಧಾರವಾಡದಲ್ಲಿ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಆಗಿದ್ದ ಸೇಂಟ್ ಜಾನ್ ಥ್ಯಾಕರೆ ನಂಬಲಿಲ್ಲ. (ಇಂಗ್ಲಿಷ್ ಕಾದಂಬರಿ ಓದುವವರಿಗೆ ಒಂದು ಮಾತು: ಇವನು ವ್ಯಾನಿಟಿ ಫೇರ್ ಬರೆದ ಥ್ಯಾಕರೆಗೆ ಚಿಕ್ಕಪ್ಪ.) ದೇಸಾಯಿಯ ಹೆಸರಿನ ಪತ್ರ ತನಗೆ ತಲುಪಿದ್ದು ಅವನು ಸತ್ತ ಸುಮಾರಿಗೆ, ಸಹಿ ಸಂಶಯ, ಸಹಿ ಹಾಕುವಾಗ ಮನುಷ್ಯ ಜೀವಂತ ಇದ್ದನೋ ಇಲ್ಲವೋ, ಕಂಪನಿಯ ಅನುಮತಿ ಮೊದಲೇ ಯಾಕೆ ಕೇಳಲಿಲ್ಲ. ಇಂದಿನ ಭಾಷೆಯಲ್ಲಿ ಹೇಳಬೇಕೆಂದರೆ ಇದು ಟೈಮ್‌ಸ್ಟಾಂಪಿನ ಜಗಳ.

ಒಂದು ರಾಜ್ಯವನ್ನು ಹೀಗೂ ತಗೊಳ್ಳಬಹುದು ಎನ್ನುವುದು ಆಗ ಹೊಸ ವಿದ್ಯೆ. ಡಾಲ್‌ಹೌಸಿ ಇದೇ ದತ್ತಕದ ನೆಪದಲ್ಲಿ ಸಾತಾರಾ ನುಂಗಿದ್ದು 1848ರಲ್ಲಿ, ಝಾನ್ಸಿ ನುಂಗಿದ್ದು ಇನ್ನೂ ಆರು ವರ್ಷ ತಡವಾಗಿ. ಚೆನ್ನಮ್ಮ ಅದನ್ನು ಸಾತಾರಾಕ್ಕಿಂತ ಇಪ್ಪತ್ನಾಲ್ಕು ವರ್ಷ ಮೊದಲು ಎದುರಿಸಿದಳು. ಆಗ ಅದಕ್ಕೆ ಒಂದು ನೆಟ್ಟಗಿನ ಹೆಸರೂ ಇರಲಿಲ್ಲ. ಫಿರಂಗಿ ತಂದು ಗೋಡೆ ಒಡೆಯುವವನನ್ನು ಗುರುತಿಸುವುದು ಸುಲಭ. ಕಾಗದ ಸರಿಯಿಲ್ಲ, ಪರಿಶೀಲನೆ ಆಗುವ ತನಕ ಎಲ್ಲಾ ನಮ್ಮ ಸುಪರ್ದಿಯಲ್ಲಿರಲಿ ಅನ್ನುವವನನ್ನು ಗುರುತಿಸುವುದು ಕಷ್ಟ. ಅವನು ದರೋಡೆಕೋರನ ಹಾಗೆ ಕಾಣಿಸುವುದಿಲ್ಲ, ಕೆಲಸ ಮಾಡುವ ನೌಕರನ ಹಾಗೆ ಕಾಣಿಸುತ್ತಾನೆ. ದಾಖಲೆ ಸರಿಯಿಲ್ಲವೆಂದು ಪಟ್ಟಿಯಿಂದ ಹೆಸರು ಬಿಟ್ಟುಹೋದವರನ್ನು, ಬಗರ್‌ಹುಕುಂ ಅರ್ಜಿ ಹಿಡಿದು ತಾಲೂಕು ಕಚೇರಿಗೆ ಹತ್ತಾರು ವರ್ಷ ಅಲೆದವರನ್ನು ಕೇಳಿ ನೋಡಿ, ಅವರಿಗೆ ಥ್ಯಾಕರೆ ಚೆನ್ನಾಗಿ ಗೊತ್ತು.

ಚೆನ್ನಮ್ಮ ಮೊದಲು ಮಾಡಿದ್ದು ಕಾಗದ ಬರೆಯುವ ಕೆಲಸ. ಥ್ಯಾಕರೆಯ ಮೇಲಿನವರಿಗೆ ಬರೆದಳು. ದಖ್ಖನ್ನಿನ ಕಮಿಷನರ್ ಚಾಪ್ಲಿನ್‌ಗೆ, ಮುಂಬೈ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್‌ಗೆ. ದತ್ತಕವನ್ನು ಒಪ್ಪಿ, ನಮ್ಮ ಧರ್ಮದಲ್ಲಿ, ನಮ್ಮ ಪದ್ಧತಿಯಲ್ಲಿ ಇದು ನಡೆದುಬಂದದ್ದು ಎಂಬುದು ಅವಳ ವಾದ. ಕೆಳಗಿನ ಅಧಿಕಾರಿ ಅನ್ಯಾಯ ಮಾಡಿದರೆ ಮೇಲಿನವನ ಹತ್ತಿರ ಹೋಗುವುದು, ಅಲ್ಲೂ ಆಗದಿದ್ದರೆ ಇನ್ನೂ ಮೇಲೆ. ಇಂದು ನಾವು ಮಾಡುವುದೂ ಅದನ್ನೇ. ಉತ್ತರವೂ ಇಂದಿನ ಹಾಗೆಯೇ ಬಂತು, ಅಂದರೆ ಬೇಕಾದ ಉತ್ತರ ಬರಲಿಲ್ಲ.

ಅಷ್ಟರಲ್ಲಿ ಥ್ಯಾಕರೆಯ ಕಡೆಯವರು ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿ ಕಾವಲು ಕೂರಿಸಿದರು. ಆ ಖಜಾನೆಯಲ್ಲಿ ಹದಿನೈದು ಲಕ್ಷ ರೂಪಾಯಿಯ ಹಣ ಒಡವೆ ಇತ್ತು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಮನೆಯ ಗಂಡಸು ಸತ್ತ ತಿಂಗಳೊಳಗೆ ಪರಕೀಯರು ಬಂದು ಕಪಾಟಿಗೆ ಬೀಗ ಜಡಿದ ಹಾಗೆ. ಸರೋಜಾದೇವಿ ಆ ಪಾತ್ರ ಮಾಡುವಾಗ ಇಪ್ಪತ್ಮೂರರ ಆಸುಪಾಸಿನ ಹುಡುಗಿ, ಚೆಂದ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮುದ್ರೆಯ ಎದುರು ನಿಂತಿದ್ದ ನಿಜದ ಚೆನ್ನಮ್ಮನಿಗೆ ನಲವತ್ತಾರು. ಗಂಡ ಸತ್ತು ಎಂಟು ವರ್ಷ, ಮಗನ ಸ್ಥಾನದಲ್ಲಿದ್ದವನು ಮೊನ್ನೆ ಸತ್ತಿದ್ದಾನೆ, ಮನೆಯಲ್ಲಿ ವಿಧವೆ ಸೊಸೆಯಂದಿರು, ಒಂದು ದತ್ತು ಹುಡುಗ. ಆ ಮುಖವನ್ನು ನಾವು ಇನ್ನೂ ಪರದೆಯ ಮೇಲೆ ನೋಡಿಲ್ಲ.

ಅಕ್ಟೋಬರ್ 23ರ ಬೆಳಿಗ್ಗೆ ಕೋಟೆ ಬಾಗಿಲು ಮುಚ್ಚಿತ್ತು. ಥ್ಯಾಕರೆ ಬಾಗಿಲು ತೆರೆಯಲು ಹೇಳಿದ, ತೆರೆಯಲಿಲ್ಲ. ಮದ್ರಾಸಿನ ಕುದುರೆ ಫಿರಂಗಿ ದಳ ಜತೆಗಿತ್ತು, ಬಾಗಿಲು ಉಡಾಯಿಸಲು ಸಜ್ಜು ಮಾಡಿದ. ಆಗ ಬಾಗಿಲು ತೆರೆಯಿತು, ಒಳಗಿದ್ದವರು ನುಗ್ಗಿಬಂದರು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಕ್ಯಾಪ್ಟನ್ ಬ್ಲ್ಯಾಕ್ ಸೇರಿ ಕೆಲವು ಅಧಿಕಾರಿಗಳೂ ಸತ್ತರು. ಉಳಿದದ್ದು ನಿಮಗೆ ಗೊತ್ತು, ಲಾವಣಿ, ನಾಟಕ, ಸಿನಿಮಾ ಎಲ್ಲವೂ ಈ ಒಂದು ದಿನದ ಮೇಲೆ ನಿಂತಿವೆ. ಕಿತ್ತೂರು ಉತ್ಸವವೂ ಈ ದಿನಕ್ಕೇ.

ನಾನು ನಿಲ್ಲಬೇಕೆಂದಿರುವುದು ಅಕ್ಟೋಬರ್ 24ರಲ್ಲಿ.

ಗೆದ್ದ ಮರುದಿನ ಅರಮನೆಯಲ್ಲಿ ಇಬ್ಬರು ಬಿಳಿಯರು ಸೆರೆಯಲ್ಲಿದ್ದರು. ಥ್ಯಾಕರೆಯ ಸಹಾಯಕರು, ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್. ಎಲಿಯಟ್‌ಗೆ ಇಪ್ಪತ್ತೊಂದು ವರ್ಷ. ಈಗಿನ ಲೆಕ್ಕದಲ್ಲಿ ಫೈನಲ್ ಇಯರ್ ಹುಡುಗ. ಹೊರಗೆ ಕಂಪನಿ ಎಲ್ಲಾ ದಿಕ್ಕಿನಿಂದ ಪಡೆ ಕರೆಸುತ್ತಿದೆ. ಒಳಗೆ ಜನ ಗೆಲುವಿನ ಅಮಲಿನಲ್ಲಿದ್ದಾರೆ, ಸತ್ತವರ ಮನೆಯಲ್ಲಿ ಸಿಟ್ಟೂ ಇದೆ. ಈ ಇಬ್ಬರನ್ನು ಕೊಂದಿದ್ದರೆ ಆ ಹೊತ್ತಿನಲ್ಲಿ ಯಾರೂ ಬೇಡ ಅನ್ನುತ್ತಿರಲಿಲ್ಲವೇನೋ. ಚೆನ್ನಮ್ಮ ಅವರನ್ನು ಸುಮಾರು ಆರು ವಾರ ಇಟ್ಟುಕೊಂಡಳು, ಚೆನ್ನಾಗಿ ನಡೆಸಿಕೊಂಡಳು, ಜೀವಸಹಿತ ಕಳಿಸಿದಳು. ಅಷ್ಟೂ ದಿನ ಕಾಗದ ಓಡಾಡುತ್ತಿತ್ತು. ಚಾಪ್ಲಿನ್ ಜತೆ ಮಾತುಕತೆ ನಡೆಯುತ್ತಿತ್ತು. ಅವಳು ಕೇಳುತ್ತಿದ್ದದ್ದು ಯುದ್ಧಕ್ಕೆ ಮುಂಚೆ ಕೇಳಿದ್ದನ್ನೇ: ದತ್ತಕ ಒಪ್ಪಿ, ಸಂಸ್ಥಾನ ಬಿಡಿ. ಗೆದ್ದ ಮೇಲೆ ಬೇಡಿಕೆ ಏರಿಸಲಿಲ್ಲ. ಯುದ್ಧ ನಿಲ್ಲುತ್ತದೆ ಎಂಬ ಭರವಸೆಯ ಮೇಲೆ ಡಿಸೆಂಬರ್ ಆರಂಭದಲ್ಲಿ ಇಬ್ಬರನ್ನೂ ಬಿಟ್ಟಳು. ಕೈಯಲ್ಲಿದ್ದ ಕೊನೆಯ ಎಲೆ ಅದು. ಅವಳಿಗೆ ಗೊತ್ತಿರಲಿಲ್ಲವೇ? ನನಗನಿಸುವುದು, ಗೊತ್ತಿತ್ತು. ಮಾತಿಗೆ ಮಾತು ಎಂಬ ಲೆಕ್ಕದಲ್ಲಿ ನಡೆದಳು. ಎದುರಿನವರ ಲೆಕ್ಕ ಬೇರೆ ಇತ್ತು.

ಎಲಿಯಟ್ ಕತೆ ಇಲ್ಲಿಗೆ ಮುಗಿಯಲ್ಲ. ಆ ಹುಡುಗ ಧಾರವಾಡ ಸೀಮೆಯಲ್ಲೇ ಉಳಿದ. ಕನ್ನಡ ಶಾಸನಗಳ ಹುಚ್ಚು ಹಿಡಿಸಿಕೊಂಡ. ಧಾರವಾಡ ಮತ್ತು ಸುತ್ತಲಿನ ಸೀಮೆಯ ನೂರಾರು ಶಾಸನಗಳ ಪ್ರತಿ ಮಾಡಿಸಿದ, 1830ರ ದಶಕದಲ್ಲಿ ಅವುಗಳ ಆಧಾರದ ಮೇಲೆ ಚಾಲುಕ್ಯರ ಚರಿತ್ರೆ ಬರೆದ. ಮುಂದೆ ಜೆ.ಎಫ್. ಫ್ಲೀಟ್ ಮುಂತಾದವರು ಅದರ ಮೇಲೆ ಕಟ್ಟಿದರು. ನಮ್ಮ ಪ್ರಾಚೀನ ಚರಿತ್ರೆಯನ್ನು ಮೊದಲು ಓದಲು ಕೂತವರಲ್ಲಿ ಒಬ್ಬ, ಕಿತ್ತೂರಿನ ಅರಮನೆಯಿಂದ ಜೀವಂತ ಹೊರಬಂದವನು. ಒಬ್ಬ ಹೆಂಗಸು ಸಿಟ್ಟಿನ ದಿನದಲ್ಲಿ ಒಂದು ಹುಕುಂ ಕೊಡಲಿಲ್ಲ, ಅದಕ್ಕೆ. ಇದನ್ನು ನಾನು ಅಕ್ಕನ ಮಗಳಿಗೆ ಹೇಳಿದಾಗ ಅವಳ ಪ್ರಶ್ನೆ ಸರಳ ಇತ್ತು: ಹಂಗಾದ್ರ ಅವನು ತಿರುಗಿ ಬಂದು ಅಜ್ಜಿಗೆ ಥ್ಯಾಂಕ್ಸ್ ಹೇಳಿದನಾ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ಯುದ್ಧವನ್ನು ಬೇಗ ಹೇಳಿಬಿಡುತ್ತೇನೆ, ಅದರಲ್ಲಿ ಕುತೂಹಲ ಕಡಿಮೆ. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಪಡೆ ಬಂತು, ಕೋಟೆ ಬಿತ್ತು. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಈ ಸಲ ಸತ್ತ. ಅವನು ಥಾಮಸ್ ಮನ್ರೋನ ಸೋದರ ಸಂಬಂಧದ ಮಗ. ಆರು ವರ್ಷದ ಹಿಂದೆ ದೊಡ್ಡ ಮನ್ರೋ ಕಿತ್ತೂರನ್ನು ಕಾಗದದ ಮೇಲೆ ಉಳಿಸಿಕೊಟ್ಟಿದ್ದ, ಚಿಕ್ಕ ಮನ್ರೋ ಅದನ್ನು ಕಿತ್ತುಕೊಳ್ಳುವಾಗ ಸತ್ತ. ಮದ್ದಿನಲ್ಲಿ ಸಗಣಿ ಬೆರೆಸಿದ ಮಲ್ಲಪ್ಪಶೆಟ್ಟಿ, ವೆಂಕಟರಾವ್ ಕತೆ ನಿಮಗೆ ಗೊತ್ತೇ ಇದೆ. ದ್ರೋಹ ನಡೆದಿರಬಹುದು, ನಡೆಯದ ಕೋಟೆ ಯಾವುದಿದೆ. ಆದರೆ ಈ ಕತೆಯನ್ನು ನಾವು ಇಷ್ಟು ಪ್ರೀತಿಯಿಂದ ಹೇಳುವುದಕ್ಕೆ ಒಂದು ಕಾರಣ ಇದೆ ಅಂತ ನನ್ನ ಗುಮಾನಿ. ಎಲ್ಲಾ ತಪ್ಪನ್ನೂ ಇಬ್ಬರು ಕಾರಕೂನರ ತಲೆಗೆ ಕಟ್ಟಿದರೆ, ಉಪಖಂಡದ ತುಂಬ ಪಡೆ ಇದ್ದ ಒಂದು ಕಂಪನಿಯ ಎದುರು ಒಂದು ಸಣ್ಣ ಸಂಸ್ಥಾನ ಒಂಟಿಯಾಗಿ ನಿಂತಿತ್ತು, ಅಕ್ಕಪಕ್ಕದ ಯಾವ ಅರಸನೂ ಬರಲಿಲ್ಲ ಎಂಬುದನ್ನು ಯೋಚಿಸಬೇಕಾಗಿಲ್ಲ.

ಚೆನ್ನಮ್ಮನನ್ನು ಮನೆಯ ಹೆಂಗಸರ ಜತೆ ಹಿಡಿದು ಬೈಲಹೊಂಗಲದ ಕೋಟೆಯಲ್ಲಿ ಇಟ್ಟರು. ಅಲ್ಲಿ ಅವಳು ನಾಲ್ಕು ವರ್ಷಕ್ಕೂ ಹೆಚ್ಚು ಇದ್ದಳು, 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ಐವತ್ತು ವರ್ಷ.

ಈ ನಾಲ್ಕು ವರ್ಷ ನನ್ನನ್ನು ಬಿಡುವುದಿಲ್ಲ. ಯುದ್ಧ ಎರಡೇ ದಫೆ, ಎಲ್ಲಾ ಸೇರಿ ಕೆಲವೇ ದಿನ. ಸೆರೆ ನಾಲ್ಕು ವರ್ಷ. ಆದರೆ ಬೈಲಹೊಂಗಲದ ವೇಷ ಹಾಕಿದ ಚೆನ್ನಮ್ಮನನ್ನು ನಾನು ಯಾವ ಗ್ಯಾದರಿಂಗ್‌ನಲ್ಲೂ ಕಂಡಿಲ್ಲ. ಪೂಜೆ, ಪುರಾಣದ ಓದು, ಬಂದುಹೋಗುವವರ ಮೇಲೆ ಕಾವಲಿನವರ ಕಣ್ಣು. ಹೊರಗೆ ಅವಳ ಹಳೆಯ ಊರಿನಲ್ಲಿ ಬೇರೆಯವರು ಕಂದಾಯ ಎತ್ತುತ್ತಿದ್ದಾರೆ. ಸಂಗೊಳ್ಳಿ ರಾಯಣ್ಣ ವೇಷ ಮರೆಸಿಕೊಂಡು ಬಂದು ಅವಳನ್ನು ಕಾಣುತ್ತಿದ್ದ ಎಂದು ಜನಪದ ಹೇಳುತ್ತದೆ. ಅದು ನಡೆಯಿತೋ ಬಿಟ್ಟಿತೋ, ಒಂದಂತೂ ನಿಜ. ಅವಳು ಸೆರೆಯಲ್ಲಿ ಸತ್ತ ವರ್ಷವೇ ರಾಯಣ್ಣನ ದಂಗೆ ಹೊತ್ತಿಕೊಂಡಿತು. ಅದು ಶಿವಲಿಂಗಪ್ಪನ ಹೆಸರಿನಲ್ಲಿ, ಅಂದರೆ ಥ್ಯಾಕರೆ ಒಪ್ಪದ ಅದೇ ದತ್ತುಮಗನ ಹೆಸರಿನಲ್ಲಿ ನಡೆಯಿತು. ಕಚೇರಿ ಸುಳ್ಳು ಅಂದ ಕಾಗದವನ್ನು ಬಡವರು, ಶೆತ್ಸನದಿಗಳು, ಜಮೀನು ಕಳಕೊಂಡವರು ನಿಜ ಎಂದು ಒಪ್ಪಿ ಅದಕ್ಕಾಗಿ ಸತ್ತರು. ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಜನ ಚೆನ್ನಮ್ಮನನ್ನು ನೆನಪಿಟ್ಟುಕೊಂಡ ರೀತಿಯೂ ಸಿನಿಮಾಕ್ಕಿಂತ ಬೇರೆ. ಫ್ಲೀಟ್ 1880ರ ದಶಕದಲ್ಲಿ ನಮ್ಮ ಸೀಮೆಯ ಲಾವಣಿಗಳನ್ನು ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿಯಲ್ಲಿ ಛಾಪಿಸಿದ. ಅವುಗಳಲ್ಲಿ ರಾಯಣ್ಣ ಇದ್ದಾನೆ, ಚೆನ್ನಮ್ಮನ ಸೊಸೆ ಇದ್ದಾಳೆ. ಹಾಡಿನ ಬಾಯಲ್ಲಿ ಇವಳು ರಾಣಿ ಅಲ್ಲ, ಚೆನ್ನವ್ವ. ನಮ್ಮೂರಲ್ಲಿ ಹಿರಿಯ ಹೆಂಗಸನ್ನು ಕರೆಯುವ ಹಾಗೇ. ಅವ್ವನ ಮನೆ ಹೋಯಿತು, ಸೊಸೆಯಂದಿರು ಬೀದಿಗೆ ಬಿದ್ದರು ಎಂಬ ನೋವಿಗೆ ಅಂಥ ಹಾಡುಗಳಲ್ಲಿ ಜಾಗ ಇತ್ತು.

ಈಗ ನಮ್ಮ ಕಾಲಕ್ಕೆ ಬನ್ನಿ. 1977ರಲ್ಲಿ ಅಂಚೆಚೀಟಿ ಬಂತು. 2007ರ ಸೆಪ್ಟೆಂಬರ್ 11ರಂದು ಸಂಸತ್ತಿನ ಆವರಣದಲ್ಲಿ ಪ್ರತಿಮೆ ಅನಾವರಣವಾಯಿತು, ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಮಾಡಿದರು. 2010ರಲ್ಲಿ ಬೆಳಗಾವಿಯಲ್ಲಿ ಅವಳ ಹೆಸರಿನ ವಿಶ್ವವಿದ್ಯಾಲಯ. ರಾತ್ರಿ ಬೆಂಗಳೂರಿಗೆ ಹೋಗುವ ರೈಲಿಗೆ ಅವಳ ಹೆಸರು, ನಮ್ಮ ಕಡೆಯ ಅದೆಷ್ಟು ಹುಡುಗರು ಮೊದಲ ಇಂಟರ್‌ವ್ಯೂಗೆ ಚೆನ್ನಮ್ಮದಾಗ ಬಂದೆ ಅನ್ನುತ್ತಾರೆ, ನಾನೂ ಹಾಗೇ ಹೋದವನು. 2021ರಲ್ಲಿ ಮುಂಬೈ ಕರ್ನಾಟಕ ಎಂಬ ಹೆಸರು ತೆಗೆದು ಕಿತ್ತೂರು ಕರ್ನಾಟಕ ಅಂತ ಇಟ್ಟರು. ಹಾವೇರಿ ಜಿಲ್ಲೆ ಅದರೊಳಗೆ ಬರುವುದರಿಂದ ಹಂಸಭಾವಿಯೂ ಈಗ ಕಿತ್ತೂರು ಕರ್ನಾಟಕ. ಬ್ರಿಟಿಷರ ಕಾಲದಲ್ಲಿ ಇದು ಧಾರವಾಡ ಜಿಲ್ಲೆಯ ಕೋಡ ತಾಲೂಕು, ಅಂದರೆ ಥ್ಯಾಕರೆ ಕೂತಿದ್ದ ಕುರ್ಚಿಯ ಕೈಕೆಳಗೆ ಬಂದ ಸೀಮೆ. ಹೆಸರಿನ ಮಟ್ಟಿಗೆ ಹೇಳುವುದಾದರೆ ಚೆನ್ನಮ್ಮ ಕೊನೆಗೆ ಗೆದ್ದಳು. ಆಕೆಯ ಹೆಸರಿಟ್ಟ ಸೀಮೆಯಲ್ಲಿ ಕಚೇರಿಗಳ ಪದ್ಧತಿ ಎಷ್ಟು ಬದಲಾಗಿದೆ ಎಂಬುದನ್ನು ಅರ್ಜಿ ಕೊಟ್ಟವರೇ ಹೇಳಬೇಕು.

ಮತ್ತೆ ಜಾತಿ. ಚೆನ್ನಮ್ಮ ಒಬ್ಬರಿಗೆ, ರಾಯಣ್ಣ ಇನ್ನೊಬ್ಬರಿಗೆ ಎಂಬ ಹಂಚಿಕೆ ನಮ್ಮಲ್ಲಿ ಮುಗಿದುಹೋಗಿದೆ. ಮೀಸಲಾತಿ ಹೋರಾಟದ ಬ್ಯಾನರಿನಲ್ಲಿ ಅವಳು, ಸರ್ಕಲ್ಲಿನ ಪ್ರತಿಮೆಯ ಜಗಳದಲ್ಲಿ ಅವನು. ಹೋರಾಟಗಳ ನ್ಯಾಯ ಅನ್ಯಾಯ ಇಲ್ಲಿ ನನ್ನ ವಿಷಯವಲ್ಲ. ಆದರೆ ಅಮಟೂರು ಬಾಳಪ್ಪ, ಸರದಾರ ಗುರುಸಿದ್ದಪ್ಪ, ರಾಯಣ್ಣ ಎಲ್ಲ ಒಂದೇ ಬಾಗಿಲಿನೊಳಗೆ ನಿಂತಿದ್ದ ಕೋಟೆ ಅದು. ಆ ಬಾಗಿಲನ್ನು ಜಾತಿವಾರು ಪಾಲು ಮಾಡುವವರು ಥ್ಯಾಕರೆಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ.

ಈ ಪ್ರತಿಮೆಗಳಲ್ಲಿ ನನಗೆ ಕಾಡುವುದು ಕುದುರೆ. ಹೆಚ್ಚಿನ ಕಡೆ ಚೆನ್ನಮ್ಮ ಕುದುರೆಯ ಮೇಲೆ, ಖಡ್ಗ ಎತ್ತಿ. 2012ರ ಸಂಗೊಳ್ಳಿ ರಾಯಣ್ಣ ಸಿನಿಮಾದಲ್ಲಿ ಜಯಪ್ರದಾ ಚೆನ್ನಮ್ಮನಾದರು. ಕಲರು ಬಂತು, ಬಜೆಟ್ಟು ಬಂತು, ಸದ್ದು ಇನ್ನಷ್ಟು ಏರಿತು. ಕುದುರೆಯಿಂದ ಇಳಿದು ಮೇಜಿನ ಮುಂದೆ ಕೂತು ಯಾರಿಗೆ, ಯಾವ ಭಾಷೆಯಲ್ಲಿ, ಎಷ್ಟು ವಿನಯದಲ್ಲಿ, ಎಷ್ಟು ಗಟ್ಟಿಯಾಗಿ ಬರೆಯಬೇಕು ಎಂದು ಕಾರಕೂನನ ಜತೆ ಚರ್ಚಿಸುವ ಚೆನ್ನಮ್ಮನ ಸಿನಿಮಾ ಯಾರಾದರೂ ತೆಗೆಯಬಾರದೇ ಅಂತ ನನಗೆ ಬಹಳ ದಿನದಿಂದ ಆಸೆ.

ಇದು ಆಗದ ಮಾತೇನಲ್ಲ. ಜರ್ಮನಿಯಲ್ಲಿ ಮಾಡಿದ್ದಾರೆ. ಸೋಫಿ ಶೋಲ್ ಎಂಬ ಇಪ್ಪತ್ತೊಂದರ ವಿದ್ಯಾರ್ಥಿನಿ 1943ರ ಫೆಬ್ರವರಿಯಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಹಿಟ್ಲರ್ ವಿರುದ್ಧದ ಕರಪತ್ರ ಹಂಚಿ ಸಿಕ್ಕಿಬಿದ್ದಳು, ನಾಲ್ಕೇ ದಿನದಲ್ಲಿ ತಲೆ ಕಡಿದರು. ಅವಳ ವಿಚಾರಣೆಯ ದಾಖಲೆಗಳು ಪೂರ್ವ ಜರ್ಮನಿಯ ಕಪಾಟಿನಲ್ಲಿ ಬಿದ್ದಿದ್ದವು. ಗೋಡೆ ಬಿದ್ದ ಮೇಲೆ ಹೊರಬಂದವು. ಅವನ್ನಿಟ್ಟುಕೊಂಡು 2005ರಲ್ಲಿ ಮಾರ್ಕ್ ರೋಥೆಮುಂಡ್ ಒಂದು ಚಿತ್ರ ಮಾಡಿದರು. ಮಹಾಯುದ್ಧದ ಸಿನಿಮಾ, ಆದರೆ ಯುದ್ಧಭೂಮಿ ಇಲ್ಲ. ಹೆಚ್ಚಿನ ಹೊತ್ತು ಒಂದು ಕೋಣೆ, ಒಂದು ಮೇಜು, ಮೇಜಿನ ಆಚೆ ಪೊಲೀಸ್ ಅಧಿಕಾರಿ, ಈಚೆ ಒಬ್ಬ ಹುಡುಗಿ. ಅವಳು ಮೊದಲು ಸುಳ್ಳು ಹೇಳುತ್ತಾಳೆ, ಆ ಸುಳ್ಳು ನಿಲ್ಲಲಾರದು ಎಂದಾದಾಗ ನಿಜ ಒಪ್ಪಿಕೊಳ್ಳುತ್ತಾಳೆ, ಆಮೇಲೆ ಹಿಂದೆ ಸರಿಯುವುದಿಲ್ಲ. ದನಿ ಏರಿಸುವುದೇ ಅಪರೂಪ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪಿನ ಮೇಲೆ ಇದನ್ನು ನೋಡಿದ ನೆನಪು. ನೋಡಿ ಮುಗಿದ ಮೇಲೆ ರೂಮಿನಲ್ಲಿ ಯಾರೂ ಏಳಲಿಲ್ಲ.

ಕಿತ್ತೂರಿಗೆ ಅಂಥ ಸಿನಿಮಾಕ್ಕೆ ಬೇಕಾದದ್ದೆಲ್ಲಾ ಇದೆ. ಪತ್ರವ್ಯವಹಾರ ಇದೆ, ಗೆಝೆಟಿಯರ್ ಇದೆ, ಧಾರವಾಡದಲ್ಲಿ ಥ್ಯಾಕರೆಯ ಸ್ಮಾರಕ ಸ್ತಂಭ ಇದೆ. ಕಿತ್ತೂರಿನಲ್ಲಿ ಅರಮನೆಯ ಅವಶೇಷ ಹಾಗೇ ನಿಂತಿದೆ. ಧ್ರುವ ನಕ್ಷತ್ರ ನೋಡುವುದಕ್ಕೆಂದು ಗೋಡೆಯಲ್ಲಿ ಬಿಟ್ಟ ಕಿಂಡಿಯನ್ನು ಅಲ್ಲಿ ಈಗಲೂ ತೋರಿಸುತ್ತಾರೆ. ಮೊದಲ ಸಲ ಹೋದಾಗ ನಾನು ಅದರಲ್ಲಿ ಕಣ್ಣಿಟ್ಟು ಕೋನ ಲೆಕ್ಕ ಹಾಕಲು ನೋಡಿ ಸೋತೆ. ಆ 1824ರ ನವೆಂಬರ್ ತಿಂಗಳನ್ನಷ್ಟೇ ತೆಗೆದರೂ ಸಾಕು. ಗೆದ್ದಿದ್ದಾರೆ, ಆದರೆ ಗೆದ್ದಿಲ್ಲ. ಒಂದು ಕೋಣೆಯಲ್ಲಿ ಇಬ್ಬರು ಇಂಗ್ಲಿಷ್ ಹುಡುಗರು, ಅವರಿಗೆ ಹೊತ್ತುಹೊತ್ತಿಗೆ ಊಟ ಹೋಗುತ್ತದೆ. ಇನ್ನೊಂದು ಕೋಣೆಯಲ್ಲಿ ಒಂದು ದತ್ತು ಮಗು. ಪುಣೆಯಿಂದ ಬರುವ ಕಾಗದಕ್ಕೆ ಕಾಯುವ ನಲವತ್ತಾರರ ಒಬ್ಬ ವಿಧವೆ. ಯಾರಾದರೂ ನಿರ್ಮಾಪಕರು ಇದನ್ನು ಓದುತ್ತಿದ್ದರೆ, ಕುದುರೆಯ ಖರ್ಚೂ ಉಳಿಯುತ್ತದೆ.

ನಾನು ಬರೆದುಕೊಟ್ಟ ಸ್ಕ್ರಿಪ್ಟಿನ ಕತೆ ಹೇಳದಿದ್ದರೆ ಮೋಸವಾಗುತ್ತದೆ. ಎರಡು ನಿಮಿಷಕ್ಕೆ ಹೊಂದುವ ಹಾಗೆ, ಸೆರೆಯಾಳುಗಳನ್ನು ಬಿಟ್ಟು ಕಳಿಸುವ ದೃಶ್ಯ ಬರೆದೆ. ಒಂದೇ ಪಾತ್ರ, ಖಡ್ಗ ನೆಲದ ಮೇಲೆ, ಕೈಯಲ್ಲಿ ಕಾಗದ. ಅಕ್ಕನ ಮಗಳು ಓದಿದಳು, ಮತ್ತೊಮ್ಮೆ ಓದಿದಳು. ಇದರಲ್ಲಿ ಜೋರಾಗಿ ಹೇಳೋದು ಎಲ್ಲೈತಿ ಅಂತ ಕೇಳಿದಳು. ಎಲ್ಲೂ ಇಲ್ಲ ಅಂದೆ. ಅವರ ಟೀಚರಿಗೆ ತೋರಿಸಿ ಬರುತ್ತೇನೆ ಎಂದು ಹೋದವಳು ಸಂಜೆ ವಾಪಸು ಬಂದು, ಚೆನ್ನಾಗೈತಿ ಅಂದ್ರು, ಆದ್ರ ಹಿಂದಿನ ಸಾಲಿನವರಿಗೆ ಕೇಳಂಗಿಲ್ಲ ಅಂದ್ರು ಎಂದು ವರದಿ ಒಪ್ಪಿಸಿದಳು. ಗ್ಯಾದರಿಂಗ್ ದಿನ ಅವಳು ಹೇಳಿದ್ದು ಕಪ್ಪದ ಡೈಲಾಗೇ. ಚಪ್ಪಾಳೆ ಬಿತ್ತು, ನಾನೂ ಹೊಡೆದೆ. ರಾತ್ರಿ ಮಲಗುವಾಗ ವಿಭೂತಿ ಅಳಿಸಿಕೊಳ್ಳುತ್ತಾ, ಬೈಲಹೊಂಗಲಕ್ಕೆ ಹಾವೇರಿಯಿಂದ ಬಸ್ ಸಿಗತೈತೇನು ಎಂದು ಕೇಳಿದಳು. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಬದಲಿಸಬೇಕು ಅಂದೆ. ಬೇಸಿಗೆ ರಜೆಗೆ ಹೋಗೋದು ಅಂತ ಆಗಿದೆ.